ರೋಟರಿ ಪ್ರೊಸೆಸರ್‌ನಲ್ಲಿ ಫಿಲ್ಮ್ ತೊಳೆಯುವಾಗ ಪಟ್ಟೆ ಬೀಳದಿರಲು

ಗೋಳಗುಮ್ಮಟದ ಫೋಟೊ ಅಂದರೆ ಅರ್ಧ ಫ್ರೇಮು ಆಕಾಶವೇ ಅಲ್ವಾ? ಫಿಲ್ಮ್ ಸಮನಾಗಿ ತೊಳೆದಿಲ್ಲ ಅಂತ ಮೊದಲು ಗೊತ್ತಾಗುವುದೂ ಅಲ್ಲೇ. ವಿಜಯಪುರದ ಮನೆಯಲ್ಲಿ ನಾನು ರೋಟರಿ ಪ್ರೊಸೆಸರ್‌ನಲ್ಲಿ (ಫಿಲ್ಮ್ ಇರುವ ಡ್ರಮ್ಮನ್ನು ಅಡ್ಡ ಮಲಗಿಸಿ ತಿರುಗಿಸುತ್ತಾ ತೊಳೆಯುವ ಮಷಿನ್) ತೊಳೆದ ಮೊದಲ ಕಪ್ಪುಬಿಳುಪು ರೋಲ್‌ನ ಒಂದು ಅಂಚು ಉದ್ದಕ್ಕೂ ತೆಳುವಾಗಿತ್ತು, ಅಂದರೆ ಕಪ್ಪು ಕಡಿಮೆ ಬಿದ್ದಿತ್ತು. ಕಾರಣ ತಿಳಿಯಲು ವಾರ ಬೇಕಾಯಿತು. ಮಷಿನ್ ಇಟ್ಟಿದ್ದು ಬಚ್ಚಲಲ್ಲಿ. ಬಚ್ಚಲ ನೆಲ ಮೋರಿಯ ಕಡೆಗೆ ಇಳಿಜಾರು. ಚಿತ್ರ ಮೂಡಿಸುವ ರಾಸಾಯನಿಕ, ಅಂದರೆ ಡೆವಲಪರ್, ಡ್ರಮ್ಮಿನ ಒಂದೇ ತುದಿಗೆ ಸರಿದು ನಿಂತಿತ್ತು.

ಹಾಗಾಗಿ ಮೊದಲ ಕೆಲಸ, ಗೌಂಡಿಗಳ ರಸಮಟ್ಟವನ್ನು ಡ್ರಮ್ಮಿನ ಮೇಲೇ ಇಟ್ಟು ನೋಡುವುದು. ಮಷಿನ್ ಮೇಲಲ್ಲ.

ಆಮೇಲೆ ಡೆವಲಪರ್ ಅಳತೆ. ಎರಡು 35 ಎಂಎಂ ರೋಲ್ ಹಿಡಿಯುವ ಜೋಬೊ ಕಂಪನಿಯ 1520 ಟ್ಯಾಂಕಿಗೆ (ಡ್ರಮ್ ಅಂದರೆ ಇದೇ) ತಿರುಗುವಾಗ 240 ಎಂಎಲ್ ಸಾಕು. ಆದರೆ ಡೆವಲಪರ್‌ನಲ್ಲಿ ಕಸುವೂ ಇರಬೇಕು. ಎಕ್ಸ್‌ಟಾಲ್ ಎಂಬ ಡೆವಲಪರ್ ಆದರೆ ರೋಲಿಗೆ ಕನಿಷ್ಠ 100 ಎಂಎಲ್ ಮೂಲ ದ್ರಾವಣ (ತೆಳು ಮಾಡದ್ದು) ಬೇಕು. ಅದಕ್ಕೆ ಅಷ್ಟೇ ನೀರು ಬೆರೆಸಿದರೆ 240 ಎಂಎಲ್‌ನಲ್ಲಿ ಒಂದೇ ರೋಲ್ ತೊಳೆಯಿರಿ.

ಕಪ್ಪುಬಿಳುಪು ಫಿಲ್ಮನ್ನು ಡೆವಲಪರ್‌ಗೆ ಮುಂಚೆ ಅಷ್ಟೇ ಬಿಸಿಯಿರುವ ನೀರಲ್ಲಿ ಐದು ನಿಮಿಷ ತಿರುಗಿಸಿ. ಬಣ್ಣದ ನೀರು ಬಂದರೆ ಗಾಬರಿ ಬೇಡ. ಒಣ ಫಿಲ್ಮ್ ಮೇಲೆ ಡೆವಲಪರ್ ಹರಿದರೆ ಮೊದಲು ತಾಗಿದ ಜಾಗ ಮುಂದೋಡುತ್ತದೆ, ಉಳಿದದ್ದು ಹಿಂದುಳಿಯುತ್ತದೆ. ನೆನೆದ ಫಿಲ್ಮ್ ಅದನ್ನು ನಿಧಾನವಾಗಿ, ಎಲ್ಲ ಕಡೆ ಒಂದೇ ಸಮ ಹೀರುತ್ತದೆ. ನನ್ನ ಅನುಭವದಲ್ಲಿ ಮೊದಲ ಅರ್ಧ ನಿಮಿಷದಲ್ಲಿ ಬಿದ್ದ ಪಟ್ಟೆ ಆಮೇಲೆ ಎಷ್ಟು ತಿರುಗಿಸಿದರೂ ಹೋಗುವುದಿಲ್ಲ. ಅದಕ್ಕೇ ಡೆವಲಪರನ್ನು ಮೊದಲೇ ಅಳೆದು ಕೈಗೆ ಸಿಗುವಂತೆ ಇಡಿ, ಒಂದೇ ಸಲಕ್ಕೆ ಸುರಿಯಿರಿ, ತಕ್ಷಣ ತಿರುಗಿಸಿ. ಮೋಟಾರು ಎಡಕ್ಕೂ ಬಲಕ್ಕೂ ಬದಲಾಗುತ್ತಿರಲಿ. ಒಂದೇ ದಿಕ್ಕಿಗೆ ತಿರುಗಿದರೆ ದ್ರವವೂ ಒಂದೇ ದಾರಿ ಹಿಡಿಯುತ್ತದೆ.

ನಮ್ಮ ಊರಿನ ಬೇಸಿಗೆಯೇ ದೊಡ್ಡ ತೊಡಕು. ಏಪ್ರಿಲ್ ಮಧ್ಯಾಹ್ನ ಮೇಲಿನ ಟ್ಯಾಂಕಿನ ನೀರು ಸುಡುತ್ತದೆ. ಬಿಸಿ ಜಾಸ್ತಿಯಾದಷ್ಟೂ ಸಮಯ ಕಡಿಮೆ. ಐದು ನಿಮಿಷಕ್ಕಿಂತ ಕಡಿಮೆಯಾದರೆ ಸುರಿಯುವಾಗ ತಪ್ಪಿದ ಹತ್ತು ಸೆಕೆಂಡೂ ನೆಗೆಟಿವ್‌ನಲ್ಲಿ ಕಾಣುತ್ತದೆ. ನಾನು ನಸುಕಿನಲ್ಲೇ ತೊಳೆಯುತ್ತೇನೆ. ನೀರ್ಗಲ್ಲು ಕಟ್ಟಿದ ಬಾಟಲಿಯನ್ನು ಮಷಿನ್‌ನ ನೀರಲ್ಲಿ ಮುಳುಗಿಸಿ 24 ಡಿಗ್ರಿಗೆ ನಿಲ್ಲಿಸುತ್ತೇನೆ. ಕಲರ್ ನೆಗೆಟಿವ್ ಫಿಲ್ಮ್ ತೊಳೆಯುವ ಸಿ-41 ವಿಧಾನಕ್ಕೆ ಈ ಮಾತು ಬೇಡ. ಅದರ ಲೆಕ್ಕವೇ ಸುಮಾರು 38 ಡಿಗ್ರಿ, ಮೂರೂಕಾಲು ನಿಮಿಷ.

ಒಳ್ಳೆಯ ಫೋಟೊಗಳ ರೋಲ್ ಹಾಕುವ ಮುಂಚೆ ಒಂದು ಪರೀಕ್ಷೆ ಮಾಡಿ. ನೆರಳಲ್ಲಿರುವ ಬಿಳಿ ಗೋಡೆಯನ್ನು ಫೋಕಸ್ ತಪ್ಪಿಸಿ ಎರಡು ಫ್ರೇಮ್ ತೆಗೆಯಿರಿ, ಎರಡನೆಯದನ್ನು ಕ್ಯಾಮೆರಾ ತಲೆಕೆಳಗು ಹಿಡಿದು. ಎರಡರಲ್ಲೂ ಫಿಲ್ಮಿನ ಅದೇ ಅಂಚು ತೆಳುವಾದರೆ ಅದು ಗೋಡೆಯ ಬೆಳಕಲ್ಲ. ಮತ್ತೆ ರಸಮಟ್ಟ ತೆಗೆಯಿರಿ.