ನಾಯಿಗೆ ಬುದ್ಧಿ ಕಲಿಸೋಕೆ ಬಡಿಗೆ ಬೇಕಾ?

ಸಂಜೆ ಮನೆಗೆ ಬಂದು ಬೀಗ ತೆಗೆದರೆ ಪಡಸಾಲೆ ತುಂಬ ಚಪ್ಪಲಿ ಚೂರು. ನಾಯಿ ಮೂಲೆಗೆ ಸರಿದು, ಕಿವಿ ಹಿಂದಕ್ಕೆ ಹಾಕಿ, ಬಾಲ ಮುದುರಿ, ಓರೆಗಣ್ಣಲ್ಲಿ ನೋಡುತ್ತಾ ಕೂತಿದೆ. "ನೋಡ್ರಿ, ತಪ್ಪು ಮಾಡೀನಿ ಅಂತ ಅದಕ್ಕ ಗೊತ್ತದ" ಅಂತ ಮನೆಯಲ್ಲಿ ಯಾರಾದರೂ ಹೇಳೇ ಹೇಳುತ್ತಾರೆ. ಹೇಳಿದ ಮೇಲೆ ಉಳಿದ ಇನ್ನೊಂದು ಚಪ್ಪಲಿ ಕೈಗೆ ಬರುತ್ತದೆ, ಎರಡು ಏಟು ಬೀಳುತ್ತವೆ. ನಮ್ಮ ಮನೆಯಲ್ಲೂ ಇದು ನಡೆದಿದೆ, ಏಟು ಕೊಟ್ಟವನೂ ನಾನೇ.

ಆದರೆ ಆ ಮುಖ ತಪ್ಪೊಪ್ಪಿಗೆ ಅಲ್ಲ. 2009ರಲ್ಲಿ ನ್ಯೂಯಾರ್ಕಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ ಅನ್ನುವ ಸಂಶೋಧಕಿ ಇದನ್ನೇ ಪರೀಕ್ಷೆ ಮಾಡಿ ನೋಡಿದರು. ನಾಯಿಯ ಮುಂದೆ ತಿಂಡಿ ಇಟ್ಟು, ಮುಟ್ಟಬೇಡ ಅಂತ ಹೇಳಿ ಯಜಮಾನರು ಹೊರಗೆ ಹೋಗಬೇಕು. ವಾಪಸ್ ಬಂದಾಗ ನಾಯಿ ತಿಂದಿದೆಯೋ ಇಲ್ಲವೋ ಅಂತ ಅವರಿಗೆ ಒಮ್ಮೊಮ್ಮೆ ನಿಜ, ಒಮ್ಮೊಮ್ಮೆ ಸುಳ್ಳು ಹೇಳುತ್ತಿದ್ದರು, ತಿಂದಿದೆ ಅಂತ ಕೇಳಿದ ಯಜಮಾನರು ನಾಯಿಗೆ ಬೈಯುತ್ತಿದ್ದರು. ನಾಯಿ ತಿಂದಿತ್ತೋ ಬಿಟ್ಟಿತ್ತೋ ಅನ್ನುವುದಕ್ಕೂ ಆ 'ತಪ್ಪಾಯ್ತು' ಮುಖಕ್ಕೂ ಸಂಬಂಧವೇ ಕಾಣಲಿಲ್ಲ. ಬೈಸಿಕೊಂಡಾಗ ಆ ಮುಖ ಬರುತ್ತಿತ್ತು, ಅದರಲ್ಲೂ ಏನೂ ತಿನ್ನದೇ ಬೈಸಿಕೊಂಡ ನಾಯಿಗಳಲ್ಲಿ ಇನ್ನೂ ಜಾಸ್ತಿ. ಅಂದರೆ ನಾಯಿ ನಮ್ಮ ದನಿ, ನಮ್ಮ ಹುಬ್ಬು, ನಾವು ನಿಂತ ರೀತಿ ನೋಡಿ ಹೆದರಿ ಮುದುರುತ್ತದೆ, ಅಷ್ಟೇ.

ಇದನ್ನು ಮೊದಲು ಹೇಳಿದ್ದಕ್ಕೆ ಕಾರಣ ಇದೆ. ನಾಯಿ ಒಂದು ಕೆಲಸವನ್ನೂ ಅದರ ಫಲವನ್ನೂ ಜೋಡಿಸಿಕೊಳ್ಳುವುದು ಒಂದೆರಡು ಸೆಕೆಂಡಿನ ಒಳಗೆ. ಮಧ್ಯಾಹ್ನ ಎರಡಕ್ಕೆ ಕಡಿದ ಚಪ್ಪಲಿಗೆ ಸಂಜೆ ಆರಕ್ಕೆ ಹೊಡೆದರೆ, ಅದು ಚಪ್ಪಲಿಯನ್ನು ನೆನೆಯುವುದಿಲ್ಲ, ಬೀಗದ ಸದ್ದನ್ನು ನೆನೆಯುತ್ತದೆ. ಈತ ಬಾಗಿಲು ತೆಗೆದರೆ ಏಟು ಬೀಳುತ್ತದೆ ಅಂತ ಕಲಿಯುತ್ತದೆ. ತಡವಾಗಿ ನೋಡಿದಿರಾ, ಸುಮ್ನೆ ಚೂರು ಆರಿಸಿ ಬಿಸಾಡಿ. ನಾಳೆಯಿಂದ ಚಪ್ಪಲಿ ಮೇಲಿಡಿ.

ನಮ್ಮ ಕೆಂಚನ ಕತೆ ಹೇಳುತ್ತೇನೆ. ರಾಯಚೂರಲ್ಲಿ ನಮ್ಮ ಓಣಿಯಲ್ಲೇ ಹುಟ್ಟಿದ ನಾಡ ನಾಯಿ, ಮೂರು ತಿಂಗಳಿದ್ದಾಗ ಒಳಗೆ ತಂದೆವು. ಒಳಗೆ ಉಚ್ಚೆ ಹೊಯ್ದಾಗಲೆಲ್ಲ ಮೂತಿ ಹಿಡಿದು ಅಲ್ಲೇ ಒರೆಸಿ, ಬೆನ್ನಿಗೊಂದು ಕೊಡುತ್ತಿದ್ದೆ. ಪಕ್ಕದ ಮನೆ ಕಾಕಾ ಹೇಳಿದ್ದೇ ಹಾಗೆ: "ನಾಕು ಬಿಗಿ ತಮ್ಮಾ, ತಾನ ಸರಿ ಹೋಗ್ತದ." ಹದಿನೈದು ದಿನಕ್ಕೆ ಅವನು ಬದಲಾದದ್ದೇನೋ ನಿಜ. ನನ್ನ ಕಣ್ಣೆದುರು ಉಚ್ಚೆ ಹೊಯ್ಯುವುದನ್ನೇ ಬಿಟ್ಟ. ಬೆಳಗ್ಗೆ ಮಾವಿನ ಕೆರೆ ಕಡೆ ಅರ್ಧ ತಾಸು ತಿರುಗಾಡಿಸಿದರೂ ಕಾಲೆತ್ತುತ್ತಿರಲಿಲ್ಲ, ನನ್ನ ಮುಖವನ್ನೇ ನೋಡುತ್ತಾ ಬಿಗಿ ಹಿಡಿದುಕೊಂಡು ಬರುತ್ತಿದ್ದ. ಮನೆಗೆ ಬಂದು ಹಗ್ಗ ಬಿಚ್ಚಿದ ತಕ್ಷಣ, ಗಂಜಿನಿಂದ ತಂದಿಟ್ಟ ಜೋಳದ ಚೀಲದ ಹಿಂದೆ ಹೋಗಿ ಮುಗಿಸುತ್ತಿದ್ದ. ಒಳಗೆ ಮಾಡಬಾರದು ಅಂತ ನಾನು ಕಲಿಸಿದ್ದೇನೆ ಅಂದುಕೊಂಡಿದ್ದೆ. ಅವನು ಕಲಿತದ್ದು ಈ ಮನುಷ್ಯನ ಎದುರು ಮಾಡಬಾರದು ಅಂತ.

ಸರಿಮಾಡಿದ್ದು ಹೀಗೆ. ನಿದ್ದೆಯಿಂದ ಎದ್ದಾಗ, ಉಂಡ ಮೇಲೆ, ಆಟ ಮುಗಿದ ಮೇಲೆ, ಈ ಮೂರೂ ಹೊತ್ತು ತಪ್ಪದೇ ಹೊರಗೆ ಒಂದೇ ಜಾಗಕ್ಕೆ ಕರೆದುಕೊಂಡು ಹೋಗಿ ಐದು ನಿಮಿಷ ಸುಮ್ನೆ ನಿಲ್ಲಿ. ಮಾಡಿ ಮುಗಿಸಿದ ಕೂಡಲೇ, ಅಲ್ಲೇ, ಕಿಸೆಯಿಂದ ಬೇಯಿಸಿದ ಕೋಳಿಯ ಒಂದು ಚೂರು ಕೊಡಿ. ಮನೆಗೆ ಬಂದು ಕೊಟ್ಟರೆ ಒಳಗೆ ಬಂದದ್ದಕ್ಕೆ ಕೊಟ್ಟ ಹಾಗಾಗುತ್ತದೆ. ಚೂರು ಕಡಲೆ ಬೇಳೆಯಷ್ಟಿದ್ದರೆ ಸಾಕು, ಕೋಳಿ ಆಗದ ಮನೆಯವರು ರೊಟ್ಟಿ ತುಣುಕೋ ಪನೀರೋ ಕೊಡಬಹುದು. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ಮಾತ್ರ ಬೇಡವೇ ಬೇಡ, ಅವು ನಾಯಿಗೆ ವಿಷ. ಮರಿಯ ವಯಸ್ಸು ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿ, ಹೆಚ್ಚೆಂದರೆ ಅಷ್ಟು ತಾಸು ಅದು ತಡೆದುಕೊಳ್ಳಬಲ್ಲದು. ನಮ್ಮ ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ಬಿಸಿಲಿಗೆ ನೀರು ಜಾಸ್ತಿ ಕುಡಿಯುತ್ತದೆ, ಆಗ ಅಷ್ಟೂ ಹೊತ್ತು ಕಾಯಬೇಡಿ. ನೀರು ಕಡಿಮೆ ಕೊಡುವ ಉಪಾಯ ಮಾತ್ರ ಯಾರೂ ಮಾಡಬೇಡಿ.

ಒಳಗೆ ಮಾಡಿದ್ದರ ವಾಸನೆ ಪೂರ್ತಿ ಹೋಗಬೇಕು, ಇಲ್ಲದಿದ್ದರೆ ಮತ್ತೆ ಅಲ್ಲೇ ಬರುತ್ತದೆ. ವಿನೆಗರ್ ಹಾಕಿ ಒರೆಸಿ ಅಂತ ಎಲ್ಲರೂ ಹೇಳುತ್ತಾರೆ, ಆದರೆ ನಮ್ಮ ಕಡೆ ಮನೆಗಳಲ್ಲಿ ಶಹಾಬಾದ್ ಕಲ್ಲು ಜಾಸ್ತಿ ಅಲ್ವಾ, ಅದು ಸುಣ್ಣದ ಕಲ್ಲು, ಹುಳಿ ಬಿದ್ದರೆ ಹೊಳಪು ಹೋಗಿ ಕಲೆ ನಿಲ್ಲುತ್ತದೆ. ಸೋಪಿನ ಪುಡಿ ನೀರಲ್ಲಿ ತಿಕ್ಕಿ ಎರಡು ಸಲ ತೊಳೆಯಿರಿ, ಸಿಕ್ಕರೆ ಎನ್‌ಜೈಮ್ (ವಾಸನೆಯ ಮೂಲವನ್ನೇ ಒಡೆದು ಹಾಕುವ ವಸ್ತು) ಇರುವ ಕ್ಲೀನರ್ ತನ್ನಿ. ಅಮೋನಿಯಾ ಇರುವುದನ್ನು ಬಳಸಬೇಡಿ, ಅದರ ವಾಸನೆ ನಾಯಿಗೆ ಉಚ್ಚೆಯ ಹಾಗೇ ಇರುತ್ತದೆ.

ಹಾಗಾದರೆ ಶಿಕ್ಷೆಯೇ ಬೇಡವಾ? ಬೇಕು, ಆದರೆ ಒಂದೇ ತರದ್ದು. ನಾಯಿಗೆ ನೋವು, ಹೆದರಿಕೆ ತರುವುದು ಒಂದು ತರ. ಅದಕ್ಕೆ ಆ ಹೊತ್ತಿಗೆ ಬೇಕಾದದ್ದನ್ನು ಸ್ವಲ್ಪ ಹೊತ್ತು ಇಲ್ಲವಾಗಿಸುವುದು ಇನ್ನೊಂದು ತರ. ಈ ಎರಡನೆಯದಕ್ಕೆ ಜಾಗ ಇದೆ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಮರಿ ಕೈ ಕಚ್ಚುವುದನ್ನೇ ತೆಗೆದುಕೊಳ್ಳಿ. ಮರಿಗೆ 28 ಹಾಲುಹಲ್ಲು, ನಾಲ್ಕನೇ ತಿಂಗಳಿಂದ ಅವು ಬಿದ್ದು 42 ಹಲ್ಲು ಬರಲು ಶುರುವಾಗುತ್ತದೆ. ಆರೇಳು ತಿಂಗಳ ತನಕ ಒಸಡು ನವೆ, ಸಿಕ್ಕಿದ್ದೆಲ್ಲ ಬಾಯಿಗೆ. ಮೂತಿಗೆ ಹೊಡೆದರೆ ಒಂದೋ ಅದನ್ನು ಆಟ ಅಂದುಕೊಂಡು ಇನ್ನೂ ಜೋರು ಕಚ್ಚುತ್ತದೆ, ಇಲ್ಲವೇ ಕೈ ಎತ್ತಿದರೆ ಬೆಚ್ಚುವ ನಾಯಿ ಆಗುತ್ತದೆ. ಅದರ ಬದಲು ಹಲ್ಲು ತಾಗಿದ ತಕ್ಷಣ ಆಟ ನಿಲ್ಲಿಸಿ. ಬೈಯಬೇಡಿ, ಎದ್ದು ಬೆನ್ನು ತಿರುಗಿಸಿ ಇಪ್ಪತ್ತು ಮೂವತ್ತು ಸೆಕೆಂಡ್ ನಿಲ್ಲಿ, ಕಾಲು ಕಚ್ಚಲು ಬಂದರೆ ಪಕ್ಕದ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಳ್ಳಿ. ಆಮೇಲೆ ಬಂದು ಏನೂ ಆಗದವರ ಹಾಗೆ ಆಟ ಮುಂದುವರಿಸಿ. ಮರಿಗೆ ನಿಮ್ಮ ಜೊತೆ ಆಡುವುದಕ್ಕಿಂತ ದೊಡ್ಡದು ಬೇರೆ ಇಲ್ಲ, ಅದು ನಿಂತುಹೋಗುವುದೇ ದೊಡ್ಡ ಶಿಕ್ಷೆ. ಮೊದಲ ದಿನ ನಾನು ಹನ್ನೊಂದು ಸಲ ಎದ್ದಿದ್ದೆ. ಒಂದು ವಾರ ಬಿಟ್ಟು ಎರಡು ಸಲ. ಕಚ್ಚಲು ಬೇರೆ ಏನಾದರೂ ಕೊಡಲೇಬೇಕು, ಹಳೇ ದಪ್ಪ ಬಟ್ಟೆ ಗಂಟು ಹಾಕಿ, ನೆನೆಸಿ, ಫ್ರೀಜರಿನಲ್ಲಿಟ್ಟು ಕೊಡಿ, ನುಂಗದ ಹಾಗೆ ಪಕ್ಕದಲ್ಲೇ ಇರಿ. ಬೇಯಿಸಿದ ಎಲುಬು ಬೇಡ, ಸೀಳಿ ಗಂಟಲಿಗೆ ಚುಚ್ಚುತ್ತದೆ.

ಮನೆಗೆ ಬಂದವರ ಮೇಲೆ ಹಾರುವುದಕ್ಕೂ ಇದೇ ದಾರಿ: ಹಾರಿದರೆ ಯಾರೂ ನೋಡಬಾರದು, ಮುಟ್ಟಬಾರದು, ಮಾತಾಡಬಾರದು. ನಾಲ್ಕೂ ಕಾಲು ನೆಲಕ್ಕೆ ಬಂದಾಗ ಮೈ ಸವರಬೇಕು. ಕಷ್ಟ ಇರುವುದು ನಾಯಿಯ ಕಡೆಯಿಂದಲ್ಲ. "ಇರಲಿ ಬಿಡೋ, ಏನಾಗಂಗಿಲ್ಲ" ಅಂತ ನಮ್ಮ ಅವ್ವ ಹಾರಿದವನನ್ನೇ ಅಪ್ಪಿಕೊಳ್ಳುತ್ತಿದ್ದಳು. ಅವಳನ್ನು ಒಪ್ಪಿಸಲು ಹಿಡಿದ ದಿನದಲ್ಲಿ ಅರ್ಧವೂ ಕೆಂಚನಿಗೆ ಹಿಡಿಯಲಿಲ್ಲ. ಮನೆಯವರೆಲ್ಲ ಕೂತು ಮೊದಲು ಒಂದು ಮಾತಿಗೆ ಬನ್ನಿ.

ಈಗ ಗುರ್ ಅನ್ನುವ ವಿಷಯ. ದಯವಿಟ್ಟು ಇದನ್ನು ನಿಧಾನ ಓದಿ. ಉಣ್ಣುವಾಗ ಹತ್ತಿರ ಹೋದರೆ ನಾಯಿ ಗುರ್ ಅಂದರೆ ಅದಕ್ಕೆ ಹೊಡೆಯಬೇಡಿ. ಗುರ್ ಅನ್ನುವುದು ಎಚ್ಚರಿಕೆ, ಇನ್ನು ಹತ್ತಿರ ಬರಬೇಡ ಅನ್ನುವ ಮಾತು. ಹೊಡೆದು ಹೊಡೆದು ಆ ದನಿ ನಿಲ್ಲಿಸಿದರೆ ಒಳಗಿನ ಹೆದರಿಕೆ ಹಾಗೇ ಉಳಿಯುತ್ತದೆ, ದನಿ ಮಾತ್ರ ಹೋಗುತ್ತದೆ, ಮುಂದೊಂದು ದಿನ ಸದ್ದಿಲ್ಲದೆ ಸೀದಾ ಕಚ್ಚುತ್ತದೆ. ಆ ದಿನ ಹತ್ತಿರ ಇರುವುದು ಮನೆಯ ಚಿಕ್ಕ ಮಗುವೇ ಆಗಿರಬಹುದು. ಮಾಡಬೇಕಾದದ್ದು ಬೇರೆ. ಉಣ್ಣುವಾಗ ಅದು ಗುರ್ ಅನ್ನದಷ್ಟು ದೂರದಿಂದ ಹಾದು ಹೋಗುತ್ತಾ ಒಂದು ಚೂರು ಕೋಳಿ ತಟ್ಟೆ ಕಡೆ ಎಸೆದು ಮುಂದೆ ನಡೆಯಿರಿ. ದಿನಕ್ಕೆ ನಾಲ್ಕೈದು ಸಲ. ವಾರ ಕಳೆದ ಹಾಗೆ ದೂರ ಒಂದೊಂದು ಹೆಜ್ಜೆ ಕಡಿಮೆ ಮಾಡಿ. ಇವರು ಬಂದರೆ ಊಟ ಹೋಗುವುದಿಲ್ಲ, ಹೆಚ್ಚಾಗುತ್ತದೆ ಅಂತ ಅದಕ್ಕೆ ಗೊತ್ತಾಗಬೇಕು. ಅಲ್ಲಿಯವರೆಗೆ ಮಕ್ಕಳನ್ನು ಆ ಕಡೆ ಬಿಡಬೇಡಿ. ಈಗಾಗಲೇ ಕಚ್ಚಿದ್ದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದು ಹಾಕಿಸಿಕೊಳ್ಳಿ, ಅರಿಶಿಣ ಹಚ್ಚಿ ಕೂರಬೇಡಿ.

ಗುರ್ ಅಂದರೆ ಅಂಗಾತ ಕೆಡವಿ ಒತ್ತಿ ಹಿಡಿ, ಯಜಮಾನ ಯಾರು ಅಂತ ತೋರಿಸು ಅಂತ ವಿಡಿಯೋಗಳಲ್ಲಿ ಹೇಳುವವರಿದ್ದಾರೆ. ಈ ಮಾತಿನ ಮೂಲ, ತೋಳಗಳು ಹೊಡೆದಾಡಿ ನಾಯಕನಾಗುತ್ತವೆ ಅಂದ ಹಳೇ ಅಧ್ಯಯನ. 1947ರಲ್ಲಿ ರುಡಾಲ್ಫ್ ಶೆಂಕೆಲ್ ನೋಡಿದ್ದು ಬೋನಿನಲ್ಲಿ ಕೂಡಿ ಹಾಕಿದ ತೋಳಗಳನ್ನು. ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿದ ಡೇವಿಡ್ ಮೀಚ್, 1999ರಲ್ಲಿ, ಕಾಡಿನಲ್ಲಿ ತೋಳದ ಗುಂಪು ಅಂದರೆ ಅಪ್ಪ, ಅವ್ವ, ಮಕ್ಕಳ ಸಂಸಾರ, ಹೊಡೆದಾಡಿ ನಾಯಕನಾಗುವ ಲೆಕ್ಕ ಅಲ್ಲಿಲ್ಲ ಅಂತ ಬರೆದರು. ಅಂಗಾತ ಕೆಡವಿದ ನಾಯಿಗೆ ಜೀವಭಯ ಆಗುತ್ತದೆ, ಅದರ ಹಲ್ಲಿನ ಹತ್ತಿರ ಇರುವುದು ನಿಮ್ಮ ಮುಖ.

ಕರೆಂಟ್ ಹೊಡೆಯುವ ಕೊರಳ ಪಟ್ಟಿಯೂ ಈಗ ಆನ್‌ಲೈನಿನಲ್ಲಿ ಸಿಗುತ್ತದೆ. ತರಬೇಡಿ. ವೇಲ್ಸ್ ದೇಶದಲ್ಲಿ 2010ರಲ್ಲೇ ಅದನ್ನು ನಿಷೇಧಿಸಿದ್ದಾರೆ. ನಮ್ಮಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಪ್ರಾಣಿಗೆ ಹೊಡೆದು ಹಿಂಸೆ ಕೊಡುವುದು, ತುಂಡು ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟಿ ಹಾಕುವುದು ಎರಡೂ ಅಪರಾಧ. ಹಗಲೆಲ್ಲ ಗೇಟಿಗೆ ಕಟ್ಟಿ, ಅದು ಬೇಸರಕ್ಕೆ ಬೊಗಳಿದರೆ ಬಡಿಗೆ ಹಿಡಿದು ಹೋಗುವ ಮನೆಗಳನ್ನು ದಿನಾ ನೋಡುತ್ತೇನೆ, ಹೊಟ್ಟೆ ಉರಿಯುತ್ತದೆ. ಬೆಳಗ್ಗೆ ಬಿಸಿಲೇರುವ ಮುಂಚೆ ಮುಕ್ಕಾಲು ತಾಸು ನಡೆಸಿ, ಮಧ್ಯಾಹ್ನ ನೆರಳಲ್ಲಿ ನೀರಿನ ಪಕ್ಕ ಮಲಗಲು ಬಿಡಿ, ಅರ್ಧ ಬೊಗಳುವುದು ತಾನಾಗಿ ನಿಲ್ಲುತ್ತದೆ. ಮುಧೋಳ ನಾಯಿ ಸಾಕಿದವರಂತೂ ಇನ್ನೂ ಜಾಸ್ತಿ ಓಡಿಸಬೇಕು, ಅದು ಓಡಿ ಬೇಟೆಯಾಡುವ ತಳಿ.

ರಸ್ತೆಗೆ ನುಗ್ಗುವಾಗ ಹಗ್ಗ ಜಗ್ಗುವುದು, ಕೊಳೆತದ್ದಕ್ಕೆ ಬಾಯಿ ಹಾಕುವಾಗ "ಏಯ್" ಅಂತ ಕೂಗುವುದು, ಇವೆಲ್ಲ ತಪ್ಪಲ್ಲ. ಅದು ಜೀವ ಉಳಿಸುವ ಕೆಲಸ. ತಿರುಗಿ ನೋಡಿದ ಮೇಲೆ ಮಾತ್ರ ಕರೆದು ಚೂರು ಕೊಡಿ. ಕರೆದಾಗ ಬಂದ ನಾಯಿಗೆ, ಎಷ್ಟೇ ತಡವಾಗಿ ಬಂದಿರಲಿ, ಯಾವತ್ತೂ ಹೊಡೆಯಬೇಡಿ. ಮುಂದಿನ ಸಲ ಅದು ಬರುವುದೇ ಇಲ್ಲ.

ಈಗಾಗಲೇ ಹೊಡೆದಿದ್ದೇವಲ್ಲ ಅನ್ನುವವರಿಗೆ: ದಿನಾ ಹತ್ತು ನಿಮಿಷ ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕೂತು, ಕಣ್ಣಲ್ಲಿ ಕಣ್ಣಿಡದೆ, ಸುತ್ತ ಚೂರು ಹಾಕಿ. ಅದಾಗೇ ಹತ್ತಿರ ಬರಲಿ. ತಲೆ ಮೇಲಿಂದ ಕೈ ಚಾಚಬೇಡಿ, ಗದ್ದದ ಕೆಳಗೆ ಸವರಿ. ಕೆಂಚ ನನ್ನೆದುರು ಕಾಲೆತ್ತಲು ಒಂದೂವರೆ ತಿಂಗಳು ಬೇಕಾಯಿತು. ಈಗ ಅವನಿಗೆ ನಾಲ್ಕು ವರ್ಷ, ಮಂಚದ ಕೆಳಗೆ ನನ್ನ ಕಾಲಿಗೆ ತಾಗಿಕೊಂಡೇ ಮಲಗುತ್ತಾನೆ. ಆದರೂ ಕಸಬರಿಗೆ ಎತ್ತಿದರೆ ಎದ್ದು ಹಿತ್ತಲಿಗೆ ಹೋಗಿಬಿಡುತ್ತಾನೆ. ಅದಕ್ಕೇ ಅವನು ಹೊರಗೆ ಹೋದಾಗಲೇ ನಾವು ಕಸ ಗುಡಿಸುತ್ತೇವೆ.