ಶೂ ಬಿಚ್ಚಿದರೆ ಇಳಿಯುವ ಪಾದದ ಉರಿ: ಏನಿದು, ಏನು ಮಾಡಬೇಕು?

ನಡೆಯುವಾಗ ಕಾಲ್ಬೆರಳ ಬುಡದಲ್ಲಿ ಚುರ್ ಎಂದು ಉರಿ. ಶೂ ಒಳಗೆ ಕಲ್ಲು ಸೇರಿಕೊಂಡ ಹಾಗೆ ಅನಿಸುತ್ತದೆ, ಬಿಚ್ಚಿ ಕೊಡವಿದರೆ ಏನೂ ಇರುವುದಿಲ್ಲ. ಬರಿಗಾಲಲ್ಲಿ ಕೂತು ಪಾದ ನೀವಿಕೊಂಡರೆ ಹಾಯೆನಿಸುತ್ತದೆ. ಹೀಗಾಗುತ್ತಿದ್ದರೆ ಅದು ಮಾರ್ಟನ್ಸ್ ನ್ಯೂರೋಮಾ ಇರಬಹುದು. ಫಿಲಡೆಲ್ಫಿಯಾದ ಸರ್ಜನ್ ಥಾಮಸ್ ಮಾರ್ಟನ್ 1876ರಲ್ಲಿ ಈ ನೋವಿನ ಬಗ್ಗೆ ಬರೆದಿದ್ದರು.

ಬೆರಳುಗಳಿಗೆ ಹೋಗುವ ನರ ಪಾದದ ಎಲುಬುಗಳ ಸಂದಿಯಲ್ಲಿ ಒತ್ತಿ ಒತ್ತಿ, ಅದರ ಸುತ್ತಲಿನ ಪದರ ದಪ್ಪಗಾಗುತ್ತದೆ. ಹೆಚ್ಚಾಗಿ ಮೂರನೇ ಮತ್ತು ನಾಲ್ಕನೇ ಬೆರಳಿನ ನಡುವೆ. ಗಡ್ಡೆ ಅಂತ ಹೆದರಬೇಡಿ, ಇದು ಕ್ಯಾನ್ಸರ್ ಅಲ್ಲ. ಹೆಂಗಸರಲ್ಲಿ ಜಾಸ್ತಿ. ಚೂಪು ಮೂತಿಯ ಚಪ್ಪಲಿ, ಹೈಹೀಲ್ಸ್ ನೋವನ್ನು ಕೆರಳಿಸುತ್ತವೆ.

ಮಾತ್ರೆ ನುಂಗುವ ಮೊದಲು ಶೂ ಪರೀಕ್ಷಿಸಿ. ಬಿಳಿ ಹಾಳೆಯ ಮೇಲೆ ಬರಿಗಾಲಲ್ಲಿ ನಿಂತು ಪಾದದ ಸುತ್ತ ಪೆನ್ಸಿಲ್‌ನಿಂದ ಗೆರೆ ಎಳೆಸಿ. ಅದರ ಮೇಲೆ ಶೂ ಇಡಿ. ಗೆರೆ ಹೊರಗೆ ಕಂಡರೆ ಶೂ ನಿಮ್ಮ ಬೆರಳುಗಳನ್ನು ಹಿಂಡುತ್ತಿದೆ ಎಂದೇ ಅರ್ಥ. ಮುಂಭಾಗ ಅಗಲವಾಗಿ, ಹಿಮ್ಮಡಿ ತಗ್ಗಾಗಿ, ಅಡಿ ದಪ್ಪವಾಗಿರುವುದನ್ನು ಕೊಳ್ಳಿ. ಸಂಜೆ ಹೊತ್ತು ಪಾದ ಸ್ವಲ್ಪ ಊದಿರುತ್ತದೆ, ಆಗಲೇ ಅಂಗಡಿಗೆ ಹೋಗಿ. ಗಂಟೆಗಟ್ಟಲೆ ಅಡುಗೆಮನೆಯ ಕಲ್ಲುನೆಲದ ಮೇಲೆ ನಿಲ್ಲುವವರು ಮನೆಯೊಳಗೂ ಮೆತ್ತನೆ ಚಪ್ಪಲಿ ಹಾಕಿಕೊಳ್ಳಿ.

ಮುಂದಿನದು ಮೆಟಟಾರ್ಸಲ್ ಪ್ಯಾಡ್, ಅಂದರೆ ಶೂ ಒಳಗೆ ಅಂಟಿಸುವ ಪುಟ್ಟ ಮೆತ್ತೆ. ಔಷಧದ ಅಂಗಡಿ, ಆನ್‌ಲೈನ್ ಎರಡರಲ್ಲೂ ಸಿಗುತ್ತದೆ. ಎಷ್ಟೋ ಜನ ಇದನ್ನು ಸರಿಯಾಗಿ ನೋವಿರುವ ಕಡೆಗೇ ಅಂಟಿಸುತ್ತಾರೆ, ಆಗ ನೋವು ಹೆಚ್ಚುತ್ತದೆ! ನೋವಿನ ಜಾಗಕ್ಕೆ ಒಂದು ಚಿಟಿಕೆ ಒದ್ದೆ ಕುಂಕುಮ ಹಚ್ಚಿ, ಶೂ ಹಾಕಿಕೊಂಡು ನಿಲ್ಲಿ. ಒಳಗೆ ಕೆಂಪು ಗುರುತು ಬೀಳುತ್ತದೆ. ಪ್ಯಾಡಿನ ಮುಂದಿನ ಅಂಚು ಆ ಗುರುತಿನ ಹಿಂದೆ, ಹಿಮ್ಮಡಿಯ ಕಡೆಗೆ ಬರಬೇಕು. ಆಗ ಎಲುಬುಗಳು ಸ್ವಲ್ಪ ಅಗಲವಾಗಿ ನರಕ್ಕೆ ಜಾಗ ಸಿಗುತ್ತದೆ.

ನೋವು ಜೋರಾದಾಗ ಬಟ್ಟೆ ಸುತ್ತಿದ ಐಸ್ ಇಡಿ. ಓಟ, ಜಿಗಿತ ಸ್ವಲ್ಪ ದಿನ ಬೇಡ. ಮೀನಖಂಡ ಬಿಗಿಯಾಗಿದ್ದರೆ ಮುಂಗಾಲಿನ ಮೇಲೆ ಭಾರ ಜಾಸ್ತಿ ಬೀಳುತ್ತದೆ, ಗೋಡೆಗೆ ಕೈಯಿಟ್ಟು ಅದನ್ನು ನಿಧಾನವಾಗಿ ಹಿಗ್ಗಿಸಿ.

ಶುಗರ್ ಇರುವವರು ಮಾತ್ರ ಇದ್ಯಾವುದನ್ನೂ ತಾವಾಗಿಯೇ ಮಾಡಿಕೊಳ್ಳಬಾರದು. ಎರಡೂ ಪಾದ ಜೋಮು ಹಿಡಿದು, ರಾತ್ರಿ ಮಲಗಿದಾಗಲೂ ಉರಿಯುತ್ತಿದ್ದರೆ ಕಾರಣ ಬೇರೆಯೇ ಇರಬಹುದು. ಪಾದದ ಮೇಲ್ಭಾಗ ಊದಿಕೊಂಡು, ಎಲುಬು ಮುಟ್ಟಿದರೆ ನೋಯುವುದಾದರೆ ಸಣ್ಣ ಬಿರುಕು ಇದ್ದೀತು. ಎರಡಕ್ಕೂ ಬೇಗ ಡಾಕ್ಟರನ್ನು ಕಾಣಿ.

ಕೆಲವು ವಾರ ಹೀಗೆಲ್ಲ ಮಾಡಿಯೂ ನೋವು ಇಳಿಯದಿದ್ದರೆ ಮೂಳೆ ತಜ್ಞರ ಹತ್ತಿರ ಹೋಗಿ. ಅವರು ಪಾದವನ್ನು ಎರಡೂ ಬದಿಯಿಂದ ಒತ್ತಿ ನೋಡುತ್ತಾರೆ, ಕೆಲವರಿಗೆ ಆಗ 'ಟಕ್' ಎನ್ನುತ್ತದೆ. ಬೇಕಾದರೆ ಅಲ್ಟ್ರಾಸೌಂಡ್ ಮಾಡಿಸುತ್ತಾರೆ. ಸ್ಟಿರಾಯ್ಡ್ ಇಂಜೆಕ್ಷನ್ ಹಲವರಿಗೆ ಆರಾಮ ಕೊಡುತ್ತದೆ, ಆದರೆ ಪದೇ ಪದೇ ತಗೊಂಡರೆ ಪಾದದಡಿಯ ಕೊಬ್ಬಿನ ಮೆತ್ತೆ ತೆಳುವಾಗಬಹುದು. ಆಪರೇಷನ್ ಕೊನೆಯ ದಾರಿ. ನರವನ್ನೇ ಕತ್ತರಿಸಿ ತೆಗೆದರೆ ಆ ಎರಡು ಬೆರಳುಗಳ ನಡುವೆ ಸ್ಪರ್ಶ ತಿಳಿಯುವುದಿಲ್ಲ, ಕೆಲವರಿಗೆ ನೋವು ಮರಳುವುದೂ ಉಂಟು. ಒಪ್ಪಿಗೆಗೆ ಸಹಿ ಹಾಕುವ ಮೊದಲು ಇದನ್ನೆಲ್ಲ ಬಿಡಿಸಿ ಕೇಳಿಕೊಳ್ಳಿ.