ಅಟ್ಟದ ಮೇಲಿನ ಹಾಫ್ ಪ್ಲೇಟ್ ಕ್ಯಾಮೆರಾಗೆ ಮತ್ತೆ ಕೆಲಸ ಕೊಡುವುದು ಹೇಗೆ?

ಗುಬ್ಬಿ, ತಿಪಟೂರು, ಶಿರಾ, ಮಧುಗಿರಿ ಕಡೆಯ ಹಳೇ ಮನೆಗಳ ಪಡಸಾಲೆಯಲ್ಲಿ ಕಟ್ಟು ಹಾಕಿಸಿ ತೂಗುಬಿಟ್ಟ ಗುಂಪು ಫೋಟೊಗಳನ್ನು ಒಮ್ಮೆ ಹತ್ತಿರದಿಂದ ನೋಡಿ. ಹಿಂದಿನ ಸಾಲಿನಲ್ಲಿ ನಿಂತವರ ರುಮಾಲಿನ ಅಂಚೂ ಎಣಿಸುವಷ್ಟು ಸ್ಪಷ್ಟವಾಗಿರುತ್ತದೆ. ಅದು ಮರದ ದೊಡ್ಡ ಕ್ಯಾಮೆರಾದ ಕೆಲಸ: ಮೂರು ಕಾಲಿನ ಸ್ಟ್ಯಾಂಡು, ಹಿತ್ತಾಳೆಯ ಲೆನ್ಸು, ಮಡಿಕೆ ಮಡಿಕೆಯ ತಿದಿ, ಹಿಂದೆ ಕರಿ ಬಟ್ಟೆ ಹೊದ್ದು ನಿಂತ ಫೋಟೊಗ್ರಾಫರ್. ಅಂಥ ಕ್ಯಾಮೆರಾಗಳು ಕೆಲವು ಸ್ಟುಡಿಯೋ ಕುಟುಂಬಗಳ ಅಟ್ಟದ ಮೇಲೆ ಇನ್ನೂ ಉಳಿದಿವೆ. ಬಹಳಷ್ಟು ಪಾಲಿಶ್ ಹಾಕಿಸಿಕೊಂಡು ಹೋಟೆಲುಗಳ ಅಲಂಕಾರಕ್ಕೆ ಹೋಗುತ್ತಿವೆ. ಉಳಿದವಾದರೂ ಮತ್ತೆ ಫೋಟೊ ತೆಗೆಯಲಿ ಎನ್ನುವ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಈ ಕ್ಯಾಮೆರಾದ ಒಳಗೆ ಹೆಚ್ಚೇನೂ ಇಲ್ಲ. ಮುಂದೆ ಲೆನ್ಸ್, ಹಿಂದೆ ಚಿತ್ರ ಮೂಡಿ ಕಾಣುವ ಮಬ್ಬುಗಾಜು, ನಡುವೆ ಕತ್ತಲೆ. ಹಾಗಾಗಿ ರಿಪೇರಿಯಲ್ಲೂ ನೋಡಬೇಕಾದ್ದು ಮೂರೇ: ತಿದಿಯೊಳಗೆ ಬೆಳಕು ನುಗ್ಗಬಾರದು, ಗಾಜು ಕೂರುವ ಜಾಗದಲ್ಲೇ ಫಿಲ್ಮೂ ಕೂರಬೇಕು, ಲೆನ್ಸ್ ಶುದ್ಧವಾಗಿರಬೇಕು. ಈ ಮೂರು ಸರಿಯಾದರೆ ಮರದ ಗೀರು, ಹಿತ್ತಾಳೆಯ ಕಪ್ಪು, ಸ್ಟುಡಿಯೋ ಹೆಸರಿನ ಮಾಸಿದ ಬಣ್ಣ ಇವನ್ನೆಲ್ಲ ಮುಟ್ಟಬೇಡಿ.

ಕೊಳ್ಳುವಾಗ

ಮೊದಲು ಅಳತೆಪಟ್ಟಿ ತೆಗೆದು ಹಿಂದಿನ ಗಾಜನ್ನು ಅಳೆಯಿರಿ. ನಮ್ಮ ಕಡೆ ಹೆಚ್ಚಾಗಿ ಸಿಗುವುದು ಹಾಫ್ ಪ್ಲೇಟ್, ಅಂದರೆ ನಾಲ್ಕೂಮುಕ್ಕಾಲು ಇಂಚು ಅಗಲ, ಆರೂವರೆ ಇಂಚು ಉದ್ದ. ಫುಲ್ ಪ್ಲೇಟ್ ಆದರೆ ಆರೂವರೆಗೆ ಎಂಟೂವರೆ. ಈಗಿನ ಫಿಲ್ಮ್ ಸುಲಭವಾಗಿ ಸಿಗುವ ಅಳತೆಗಳು 4×5, 5×7, 8×10 ಇಂಚು. ಕ್ಯಾಮೆರಾ 4×5 ಆಗಿದ್ದರೆ ನಿಮ್ಮ ಅರ್ಧ ತಲೆನೋವು ಕಡಿಮೆ. ಹಾಫ್ ಪ್ಲೇಟ್ ಆದರೂ ಹೆದರಬೇಕಿಲ್ಲ, ದಾರಿ ಇದೆ, ಮುಂದೆ ಹೇಳುತ್ತೇನೆ.

ಇಂಗ್ಲೆಂಡಿನ ಥಾರ್ನ್‌ಟನ್ ಪಿಕಾರ್ಡ್, ಸ್ಯಾಂಡರ್ಸನ್ ಹೆಸರಿನವು ಸಿಗಬಹುದು. ಕೇರಳದ ಆಲಪ್ಪುಳದಲ್ಲಿ ತಯಾರಾದ ತೇಗದ ಮರದ ವಾಗೀಶ್ವರಿ ಕ್ಯಾಮೆರಾ ಸಿಕ್ಕರಂತೂ ಬಿಡಬೇಡಿ. ದಕ್ಷಿಣ ಭಾರತದ ಸ್ಟುಡಿಯೋಗಳಲ್ಲಿ ದುಡಿದ ಕ್ಯಾಮೆರಾ ಅದು, ನಮ್ಮ ಸೆಕೆಗೂ ಮಳೆಗೂ ಒಗ್ಗಿಕೊಂಡ ಮರ. ಹೆಸರೇ ಇಲ್ಲದ, ಊರಿನ ಬಡಗಿಯೇ ಮಾಡಿಕೊಟ್ಟ ಕ್ಯಾಮೆರಾಗಳೂ ಇರುತ್ತವೆ. ಹೆಸರಿಲ್ಲ ಎಂದು ತಳ್ಳಿಹಾಕಬೇಡಿ.

ಹೆಸರಿಗಿಂತ ಮುಖ್ಯವಾದ ಒಂದು ಪ್ರಶ್ನೆ ಕೇಳಿ: "ಯಜಮಾನ್ರೇ, ಇದರ ಪ್ಲೇಟ್ ಹೋಲ್ಡರುಗಳು ಎಲ್ಲಿ?" ಫೋಟೊ ಮೂಡುವ ಗಾಜಿನ ಪ್ಲೇಟನ್ನು ಬೆಳಕು ತಾಗದಂತೆ ಹಿಡಿದಿಡುವ, ಪುಸ್ತಕದಂತೆ ತೆರೆಯುವ ಈ ಮರದ ಹೋಲ್ಡರುಗಳು ಪ್ರತಿ ಕ್ಯಾಮೆರಾಕ್ಕೂ ಬೇರೆ ಬೇರೆ. ಒಂದರದ್ದು ಇನ್ನೊಂದಕ್ಕೆ ಕೂರುವುದು ಅಪರೂಪ. ಹೋಲ್ಡರ್ ಇಲ್ಲದ ಕ್ಯಾಮೆರಾ ಎಷ್ಟೇ ಚೆಂದ ಇದ್ದರೂ ಅರ್ಧ ಬೆಲೆಗಿಂತ ಹೆಚ್ಚು ಕೊಡಬೇಡಿ. ಅಟ್ಟದಲ್ಲಿ, ಹಳೇ ಟ್ರಂಕಿನಲ್ಲಿ ಇನ್ನೊಮ್ಮೆ ಹುಡುಕಿಸಿ. ಅದರ ಜೊತೆ ಹಳೇ ಗಾಜಿನ ನೆಗೆಟಿವ್‌ಗಳು ಸಿಕ್ಕರೆ ಅವನ್ನು ತೊಳೆಯಲು ಹೋಗಬೇಡಿ, ಗುಜರಿಗೆ ಹಾಕಲೂ ಬಿಡಬೇಡಿ. ಒಂದೊಂದನ್ನೂ ಕಾಗದದಲ್ಲಿ ಸುತ್ತಿ, ಅಂಚಿನ ಮೇಲೆ ನಿಲ್ಲಿಸಿಟ್ಟು, ಮನೆಯವರಿಗೇ ಒಪ್ಪಿಸಿ.

ಮರವನ್ನು ಉಗುರಿನಿಂದ ತಟ್ಟಿ ನೋಡಿ. ಪೊಳ್ಳು ಸದ್ದು ಬಂದರೆ ಒಳಗೆ ಗೆದ್ದಲು ತಿಂದಿದೆ. ಸಣ್ಣ ತೂತಿನಿಂದ ಹೊಸ ಹಿಟ್ಟು ಉದುರುತ್ತಿದ್ದರೆ ಹುಳು ಇನ್ನೂ ಬದುಕಿದೆ, ಬೇರೆ ಕ್ಯಾಮೆರಾಗಳ ಪಕ್ಕ ಇಡಬೇಡಿ. ತಿದಿ ಹರಿದಿದ್ದರೆ ಚಿಂತೆಯಿಲ್ಲ, ಅದನ್ನು ಹೊಸದಾಗಿ ಮಾಡಬಹುದು. ಲೆನ್ಸನ್ನು ಬೆಳಕಿಗೆ ಹಿಡಿದು ನೋಡಿ. ಮೇಲಿನ ಗೀರು ಅಷ್ಟೇನೂ ಕಾಟ ಕೊಡುವುದಿಲ್ಲ. ಒಳಗೆ ಜೇಡರ ಬಲೆಯಂತೆ ಹಬ್ಬಿದ್ದು ಬೂಷ್ಟು. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣವೋ ಹಳದಿ ಕಲೆಯೋ ಕಂಡರೆ ಎರಡು ಗಾಜು ಅಂಟಿಸಿದ ಗೋಂದು ಬಿಡುತ್ತಿದೆ ಎಂದರ್ಥ.

ತಿದಿ

ಇಲ್ಲಿ ಅವಸರ ಮಾಡಬೇಡಿ. ರಾತ್ರಿ ಕೋಣೆಯ ದೀಪ ಆರಿಸಿ, ತಿದಿಯನ್ನು ಪೂರ್ತಿ ಎಳೆದು, ಒಳಗೆ ಟಾರ್ಚ್ ಇಟ್ಟು ಐದು ನಿಮಿಷ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಬಿಡಿ. ಆಮೇಲೆ ಸುತ್ತಲೂ ನೋಡಿ. ನಕ್ಷತ್ರದಂತೆ ಚುಕ್ಕಿಗಳು ಕಾಣುವುದು ಬಹುಪಾಲು ಮಡಿಕೆಯ ಮೂಲೆಗಳಲ್ಲಿ. ಪ್ರತಿ ಚುಕ್ಕಿಗೂ ಸೀಮೆಸುಣ್ಣದಲ್ಲಿ ಗುರುತು ಹಾಕಿ.

ತೂತು ಬೆರಳೆಣಿಕೆಯಷ್ಟಿದ್ದರೆ ಬಟ್ಟೆಗೆ ಹಚ್ಚುವ ಕಪ್ಪು ಬಣ್ಣಕ್ಕೆ ಸ್ವಲ್ಪ ಫೆವಿಕಾಲ್ ಬೆರೆಸಿ, ತೆಳ್ಳಗೆ ಎರಡು ಮೂರು ಸಲ ಹಚ್ಚಿ. ತಿದಿ ಎಳೆದ ಸ್ಥಿತಿಯಲ್ಲೇ ಒಣಗಬೇಕು. ಒಣಗಿದ ಮೇಲೆ ಟಾಲ್ಕಂ ಪೌಡರ್ ಸವರಿದರೆ ಮಡಿಕೆಗಳು ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ. ಕಪ್ಪು ಟೇಪ್ ಮಾತ್ರ ಬೇಡ. ಅದರ ದಪ್ಪಕ್ಕೆ ತಿದಿ ಮಡಿಸಿಕೊಳ್ಳುವುದಿಲ್ಲ, ಬೇಸಿಗೆಯಲ್ಲಿ ಅಂಟು ಕರಗಿ ಇಳಿಯುತ್ತದೆ.

ಚರ್ಮ ಮುಟ್ಟಿದರೆ ಪುಡಿಯಾಗುವಂತಿದ್ದರೆ ಹೊಸ ತಿದಿಯೇ ಗತಿ. ಇದಕ್ಕೆ ನಾನು ಹೇಳುವ ದಾರಿ ಹಾರ್ಮೋನಿಯಂ ರಿಪೇರಿಯವರದು. 1884ರಲ್ಲಿ ಗುಬ್ಬಿ ನಾಟಕ ಕಂಪನಿ ಹುಟ್ಟಿದ ಜಿಲ್ಲೆ ನಮ್ಮ ತುಮಕೂರು. ನಾಟಕ, ಭಜನೆ ಇದ್ದ ಕಡೆ ಹಾರ್ಮೋನಿಯಂ ಇರುತ್ತದೆ, ಹಾರ್ಮೋನಿಯಂ ಇದ್ದ ಕಡೆ ಅದರ ತಿದಿ ಕಟ್ಟಬಲ್ಲ ಕೈಯೂ ಇರುತ್ತದೆ. ರಟ್ಟಿನ ಪಟ್ಟಿ, ಬಟ್ಟೆ, ಗೋಂದು, ಮಡಿಕೆಯ ಲೆಕ್ಕ ಎಲ್ಲ ಅವರಿಗೆ ಗೊತ್ತು. ಅಲ್ಲಿ ಗಾಳಿ ಸೋರಬಾರದು, ಇಲ್ಲಿ ಬೆಳಕು ಸೋರಬಾರದು, ಅಷ್ಟೇ ವ್ಯತ್ಯಾಸ.

ಹಳೇ ತಿದಿಯನ್ನು ಎಸೆಯದೆ ಹುಷಾರಾಗಿ ಬಿಚ್ಚಿ, ಹೊಲಿಗೆಯಲ್ಲಿ ಸೀಳಿ, ನೆಲದ ಮೇಲೆ ಹಾಸಿ. ಅದೇ ನಿಮ್ಮ ಅಚ್ಚು. ಪ್ರತಿ ಪಟ್ಟಿಯ ಅಗಲ, ನಡುವೆ ಬಿಟ್ಟ ಸಂದು, ಮೂಲೆಯ ಓರೆ ಎಲ್ಲವನ್ನೂ ಅದರಿಂದಲೇ ಎತ್ತಿಕೊಳ್ಳಿ. ಒಳಪದರಕ್ಕೆ ಹೊಳಪಿಲ್ಲದ ದಟ್ಟ ಕಪ್ಪು ಬಟ್ಟೆ, ನಡುವೆ ತೆಳು ರಟ್ಟಿನ ಪಟ್ಟಿಗಳು, ಹೊರಗೆ ಬುಕ್ ಬೈಂಡಿಂಗಿಗೆ ಬಳಸುವ ತೆಳ್ಳನೆಯ ರೆಕ್ಸಿನ್. ಪಟ್ಟಿಗಳ ನಡುವೆ ಒಂದೆರಡು ಮಿಲಿಮೀಟರ್ ಸಂದು ಬಿಡದಿದ್ದರೆ ಮಡಿಕೆ ಬೀಳುವುದಿಲ್ಲ. ಜೋಡಣೆಯ ಹೊಲಿಗೆ ಕೆಳಗಡೆ ಬರಲಿ. ಅಂಟಿಸಿದ ಮೇಲೆ, ಗೋಂದು ಪೂರ್ತಿ ಒಣಗುವ ಮುನ್ನ, ಸಣ್ಣ ತುದಿಯಿಂದ ಒಂದೊಂದೇ ಮಡಿಕೆ ಹಾಕುತ್ತಾ ಬಂದು, ಮೇಲೆ ಭಾರ ಹೇರಿ ಒಂದು ರಾತ್ರಿ ಬಿಡಿ. ಮತ್ತೆ ಟಾರ್ಚ್ ಪರೀಕ್ಷೆ.

ಗಾಜು ಮತ್ತು ಫಿಲ್ಮ್ ಒಂದೇ ಜಾಗದಲ್ಲಿ

ಹಳೇ ಮಬ್ಬುಗಾಜು ಒಡೆದಿದ್ದರೆ ಹೊಸದನ್ನು ಮನೆಯಲ್ಲೇ ಮಾಡಬಹುದು. 2 ಮಿಲಿಮೀಟರ್ ಗಾಜು ಕತ್ತರಿಸಿಕೊಂಡು, ಅಂಚು ಉಜ್ಜಿಸಿ, ಅದರ ಮೇಲೆ 400 ಅಥವಾ 600 ನಂಬರಿನ ಕಾರ್ಬೊರಂಡಮ್ ಪುಡಿಯನ್ನು ನೀರಿನಲ್ಲಿ ಕಲಸಿ ಹಾಕಿ, ಇನ್ನೊಂದು ಸಣ್ಣ ಗಾಜಿನಿಂದ ಸುತ್ತು ಸುತ್ತಾಗಿ ಉಜ್ಜಿ. ತೊಳೆದು, ಒಣಗಿಸಿ, ಓರೆಯಾಗಿ ನೋಡಿದಾಗ ಎಲ್ಲೂ ಹೊಳೆಯುವ ತೇಪೆ ಉಳಿದಿರಬಾರದು. ಗಾಜನ್ನು ಕೂರಿಸುವಾಗ ಉಜ್ಜಿದ ಮುಖ ಲೆನ್ಸಿನ ಕಡೆಗೇ ಇರಬೇಕು.

ಬಹಳ ಜನ ಸೋಲುವುದು ಇಲ್ಲಿಂದ ಮುಂದಿನ ಹೆಜ್ಜೆಯಲ್ಲಿ. ನೀವು ಫೋಕಸ್ ಮಾಡುವುದು ಗಾಜಿನ ಮೇಲೆ, ಚಿತ್ರ ಬೀಳುವುದು ಫಿಲ್ಮಿನ ಮೇಲೆ. ಹೋಲ್ಡರಿನ ಅಂಚಿನಿಂದ ಫಿಲ್ಮಿನ ಮುಖಕ್ಕೆ ಎಷ್ಟು ಆಳ, ಕ್ಯಾಮೆರಾದ ಹಿಂಬದಿಯ ಅಂಚಿನಿಂದ ಗಾಜಿನ ಉಜ್ಜಿದ ಮುಖಕ್ಕೆ ಎಷ್ಟು ಆಳ, ಎರಡನ್ನೂ ವರ್ನಿಯರ್ ಕ್ಯಾಲಿಪರಿನ ಬಾಲದಿಂದ ಅಳೆಯಿರಿ. ಅರ್ಧ ಮಿಲಿಮೀಟರ್ ವ್ಯತ್ಯಾಸವಿದ್ದರೂ ಮುಖದ ಬದಲು ಕಿವಿ ಫೋಕಸಿಗೆ ಬರುತ್ತದೆ. ಗಾಜಿನ ಕೆಳಗೆ ತೆಳುಕಾಗದದ ಪಟ್ಟಿ ಸೇರಿಸಿಯೋ, ಹಿಂದೆ ಯಾರೋ ಸೇರಿಸಿದ ಪಟ್ಟಿ ತೆಗೆದೋ ಸರಿಹೊಂದಿಸಿ. ಮರವನ್ನು ಕೆತ್ತಬೇಡಿ.

ಹಳೇ ಹೋಲ್ಡರುಗಳು ಗಾಜಿನ ಪ್ಲೇಟಿಗೆಂದು ಮಾಡಿದವು. ಫಿಲ್ಮ್ ತೆಳ್ಳಗಿರುವುದರಿಂದ ಅದರ ಬೆನ್ನಿಗೆ ಪ್ಲೇಟಿನಷ್ಟೇ ದಪ್ಪದ ಕಪ್ಪು ರಟ್ಟು ಇಟ್ಟು, ಮುಂದಿನ ಅಂಚಿಗೆ ಒತ್ತಿ ಕೂರುವಂತೆ ಮಾಡಬೇಕು. ಫಿಲ್ಮ್ ಹಿಡಿಯುವ ತಗಡಿನ ಕವಚಗಳು ಹಳೇ ಪೆಟ್ಟಿಗೆಯಲ್ಲಿ ಸಿಕ್ಕರೆ ಇನ್ನೂ ಒಳ್ಳೆಯದು.

ಲೆನ್ಸ್, ಮರ, ಹಿತ್ತಾಳೆ

ಹಾಫ್ ಪ್ಲೇಟಿನ ಮೂಲೆಯಿಂದ ಮೂಲೆಗೆ ಸುಮಾರು 8 ಇಂಚು. ಹಾಗಾಗಿ 8 ಇಂಚು ಅಥವಾ 210 ಮಿಲಿಮೀಟರಿನ ಲೆನ್ಸ್ ಈ ಕ್ಯಾಮೆರಾಗೆ ಸಹಜವಾದದ್ದು. ಬೂಷ್ಟಿದ್ದರೆ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಅಮೋನಿಯಾ ದ್ರಾವಣವನ್ನು ಸಮನಾಗಿ ಕೆಲವೇ ಹನಿ ಬೆರೆಸಿ, ಕಿಟಕಿ ತೆರೆದಿಟ್ಟು, ಹತ್ತಿಯಿಂದ ಒತ್ತದೆ ಒರೆಸಿ. ಅಂಟಿಸಿದ ಗಾಜುಗಳನ್ನು ಬೇರ್ಪಡಿಸಲು ಹೋಗಬೇಡಿ. ಹಳೇ ಲೆನ್ಸುಗಳ ಮೇಲೆ ಯು.ಎಸ್. ಎಂದು ಬರೆದ ಸಂಖ್ಯೆಗಳಿದ್ದರೆ ಅವು ಲೆನ್ಸಿನ ಕಿಂಡಿ ಎಷ್ಟು ತೆರೆದಿದೆ ಎಂದು ಹೇಳುವ ಈಗಿನ ಎಫ್ ಸಂಖ್ಯೆಗಳಲ್ಲ. 16 ಎರಡರಲ್ಲೂ ಒಂದೇ, ಆದರೆ ಯು.ಎಸ್. 8 ಅಂದರೆ ಎಫ್ 11, ಯು.ಎಸ್. 32 ಅಂದರೆ ಎಫ್ 22.

ಮರಕ್ಕೆ ಒದ್ದೆ ಬಟ್ಟೆಯಲ್ಲಿ ಒಂದು ಸಲ, ಒಣ ಬಟ್ಟೆಯಲ್ಲಿ ಒಂದು ಸಲ, ಆಮೇಲೆ ತೆಳ್ಳಗೆ ಅಗಸೆ ಎಣ್ಣೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಹಾಕಬೇಡಿ, ತಾನಾಗಿಯೇ ಬೆಂಕಿ ಹತ್ತಿಕೊಳ್ಳಬಹುದು. ಬಿಡಿಸಿ ಹರವಿ ಒಣಗಿಸಿ. ಮೂಲೆ ಕೂಡಿಕೆ ಸಡಿಲವಾಗಿದ್ದರೆ ಬಡಗಿಯ ಕೈಯಲ್ಲಿ ಅಂಟು ಹಾಕಿಸಿ ಬಿಗಿಸಿ, ಹೊಸ ಮೊಳೆ ಹೊಡೆಸಬೇಡಿ.

ಫಿಲ್ಮ್ ಎಲ್ಲಿಂದ?

ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆ ಮುಚ್ಚಿಹೋಗಿದೆ. ಈಗ ಇಂಗ್ಲೆಂಡಿನ ಇಲ್ಫೋರ್ಡ್, ಜೆಕ್ ದೇಶದ ಫೋಮಾ ಕಂಪನಿಗಳ ಹಾಳೆ ಫಿಲ್ಮ್ ತರಿಸಬೇಕು. ಹಾಫ್ ಪ್ಲೇಟಿಗೆ 5×7 ಹಾಳೆಯ ಅಗಲದಲ್ಲಿ ಕಾಲು ಇಂಚು, ಉದ್ದದಲ್ಲಿ ಅರ್ಧ ಇಂಚು ಕತ್ತರಿಸಿದರೆ ಸರಿಹೋಗುತ್ತದೆ. ಆದರೆ ಅದನ್ನು ಪೂರ್ತಿ ಕತ್ತಲೆಯಲ್ಲಿ ಮಾಡಬೇಕು.

ಕಲಿಯುವವರಿಗೆ ನಾನು ಹೇಳುವುದು ಎಕ್ಸ್‌ರೇ ಫಿಲ್ಮ್. ಆಸ್ಪತ್ರೆಗಳು ಡಿಜಿಟಲ್ ಆಗುತ್ತಿದ್ದರೂ ವೈದ್ಯಕೀಯ ಸಾಮಾನಿನ ಅಂಗಡಿಗಳಲ್ಲಿ ಕೇಳಿ ನೋಡಬಹುದು. ದ್ರಾವಣದಲ್ಲಿ ತೊಳೆಯುವ ಹಳೇ ಬಗೆಯದೇ ಬೇಕು. ಲೇಸರ್ ಪ್ರಿಂಟರಿಗೆ ಹಾಕುವುದು ಇದಕ್ಕಾಗುವುದಿಲ್ಲ. ಒಂದು 8×10 ಹಾಳೆಯಲ್ಲಿ ಎರಡು ಹಾಫ್ ಪ್ಲೇಟ್ ಬರುತ್ತವೆ. ಹಸಿರಿಗೆ ಸ್ಪಂದಿಸುವ ಫಿಲ್ಮಾದರೂ ಕೆಂಪನ್ನು ಕಾಣುವುದಿಲ್ಲವಾದ್ದರಿಂದ ಕಡುಗೆಂಪು ದೀಪದಲ್ಲಿ ಕಣ್ಣಾರೆ ನೋಡುತ್ತಲೇ ಡೆವಲಪ್ ಮಾಡಬಹುದು. ಅದರ ಎರಡೂ ಮುಖಕ್ಕೆ ಲೇಪವಿರುತ್ತದೆ, ಬೇಗ ಗೀರು ಬೀಳುತ್ತದೆ. ಟ್ರೇಯ ತಳಕ್ಕೆ ಒಂದು ಗಾಜಿನ ಹಾಳೆ ಹಾಸಿ, ಒಂದು ಸಲಕ್ಕೆ ಒಂದೇ ಫಿಲ್ಮ್ ಹಾಕಿ. ನಮ್ಮ ಬೇಸಿಗೆಯ ನಲ್ಲಿ ನೀರು ಡೆವಲಪರಿಗೆ ಬಿಸಿಯಾಯಿತು. ಟ್ರೇಯನ್ನು ಐಸ್ ಹಾಕಿದ ದೊಡ್ಡ ತಟ್ಟೆಯಲ್ಲಿ ಇಟ್ಟು 20 ಡಿಗ್ರಿಯ ಆಸುಪಾಸಿಗೆ ತನ್ನಿ.

ಮೊದಲ ಚಿತ್ರ

ಹಳೇ ಲೆನ್ಸಿನಲ್ಲಿ ಶಟರ್ ಇಲ್ಲದಿದ್ದರೆ ಮುಚ್ಚಳವೇ ಶಟರ್. ಮೊದಲ ಪ್ರಯೋಗಕ್ಕೆ ಫಿಲ್ಮ್ ಬದಲು ಪ್ರಿಂಟ್ ಹಾಕುವ ಫೋಟೊ ಕಾಗದವನ್ನೇ ಹೋಲ್ಡರಿಗೆ ಹಾಕಿ, ಬೆಳಕಿಗೆ ಅದು ಸ್ಪಂದಿಸುವ ವೇಗ ಐಎಸ್‌ಓ 6 ಎಂದು ಲೆಕ್ಕ ಹಿಡಿಯಿರಿ. ಬಯಲಿನ ನೆರಳಲ್ಲಿ ಎಫ್ 22ಕ್ಕೆ ಎರಡು ಮೂರು ಸೆಕೆಂಡು ಸಾಕು. ಮುಚ್ಚಳ ತೆಗೆದು, ಎಣಿಸಿ, ಮುಚ್ಚಿ. ಒಂದು ದಿನಪತ್ರಿಕೆಯನ್ನು ಓರೆಯಾಗಿ ನಿಲ್ಲಿಸಿ, ನಡುವಿನ ತಲೆಬರಹಕ್ಕೆ ಫೋಕಸ್ ಮಾಡಿ, ಲೆನ್ಸ್ ಪೂರ್ತಿ ತೆರೆದು, ಅದಕ್ಕೆ ತಕ್ಕಂತೆ ಸಮಯ ಕಡಿಮೆ ಮಾಡಿ ಇನ್ನೊಂದು ತೆಗೆಯಿರಿ. ಸ್ಪಷ್ಟವಾಗಿ ಬಂದದ್ದು ಅದೇ ತಲೆಬರಹವಾಗಿದ್ದರೆ ಗಾಜಿನ ಜಾಗ ಸರಿಯಿದೆ.

ಹತ್ತಿರದ ವಸ್ತುವಿಗೆ ತಿದಿ ಎಳೆದಾಗ ಬೆಳಕು ಹೆಚ್ಚು ಬೇಕು. 8 ಇಂಚಿನ ಲೆನ್ಸನ್ನು 12 ಇಂಚಿಗೆ ಎಳೆದರೆ ಒಂದೂವರೆಯ ವರ್ಗ, ಅಂದರೆ ಎರಡೂಕಾಲು ಪಟ್ಟು ಸಮಯ ಕೊಡಿ.

ಆಮೇಲೆ ಕ್ಯಾಮೆರಾ ಹೊತ್ತು ತುಮಕೂರಿನ ಹತ್ತಿರದ ಕೈದಾಳಕ್ಕೆ ಹೋಗಿ. 12ನೇ ಶತಮಾನದ ಚೆನ್ನಕೇಶವ ದೇವಾಲಯವನ್ನು ಫೋನಿನಲ್ಲಿ ತೆಗೆಯುವಾಗ ಮೇಲಕ್ಕೆ ವಾಲಿಸಿದರೆ ಕಂಬಗಳು ಹಿಂದಕ್ಕೆ ಬಿದ್ದಂತೆ ಕಾಣುತ್ತವೆ. ಈ ಕ್ಯಾಮೆರಾದಲ್ಲಿ ಹಾಗಾಗಬೇಕಿಲ್ಲ. ಗಾರೆಯವರ ರಸಮಟ್ಟ ಇಟ್ಟು ಹಿಂಬದಿಯನ್ನು ನೇರ ನಿಲ್ಲಿಸಿ, ಮುಂದಿನ ಲೆನ್ಸ್ ಹಲಗೆಯನ್ನಷ್ಟೇ ಮೇಲಕ್ಕೆ ಸರಿಸಿ. ಕರಿ ಬಟ್ಟೆಯೊಳಗೆ ತಲೆಕೆಳಗಾಗಿ ಕಾಣುವ ಚಿತ್ರದಲ್ಲಿ ಶಿಖರ ಒಳಗೆ ಬರುತ್ತದೆ, ಕಂಬಗಳು ನೆಟ್ಟಗೇ ಇರುತ್ತವೆ. ಮಧುಗಿರಿ ಬೆಟ್ಟದ ಬುಡದಲ್ಲಿ ನಿಂತರೂ ಇದೇ ಉಪಾಯ. ಮೂಲೆಗಳು ಕಪ್ಪಾದರೆ ಲೆನ್ಸ್ ಬೀರುವ ಚಿತ್ರದ ವೃತ್ತ ಮೀರಿದಿರಿ ಎಂದರ್ಥ, ಸ್ವಲ್ಪ ಇಳಿಸಿ.

ಪ್ರಿಂಟಿಗೆ ಚಿತ್ರ ದೊಡ್ಡದು ಮಾಡುವ ಎನ್‌ಲಾರ್ಜರ್ ಬೇಕಿಲ್ಲ. ಕೆಂಪು ದೀಪದಲ್ಲಿ ಫೋಟೊ ಕಾಗದದ ಮೇಲೆ ನೆಗೆಟಿವ್ ಇಟ್ಟು, ಮೇಲೆ ದಪ್ಪ ಗಾಜು ಒತ್ತಿ, ಬಲ್ಬನ್ನು ಕೆಲವು ಸೆಕೆಂಡು ಹಚ್ಚಿ ಆರಿಸಿದರೆ ಆರೂವರೆ ಇಂಚಿನ ಪ್ರಿಂಟ್ ಸಿದ್ಧ. ಡೆವಲಪರ್, ಆಮೇಲೆ ಚಿತ್ರವನ್ನು ಗಟ್ಟಿಯಾಗಿ ನಿಲ್ಲಿಸುವ ದ್ರಾವಣವಾದ ಹೈಪೋ ಆದಮೇಲೆ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಹೈಪೋ ಉಳಿದರೆ ಕೆಲವೇ ವರ್ಷದಲ್ಲಿ ಹಳದಿ ತಿರುಗುತ್ತದೆ. ಬಳಸಿದ ಹೈಪೋದಲ್ಲಿ ಬೆಳ್ಳಿ ಇರುವುದರಿಂದ ಚರಂಡಿಗೆ ಚೆಲ್ಲದೆ ಕ್ಯಾನಿನಲ್ಲಿ ಕೂಡಿಡಿ, ಹಳೇ ಎಕ್ಸ್‌ರೇಯಿಂದ ಬೆಳ್ಳಿ ತೆಗೆಯುವವರು ಕೊಳ್ಳುತ್ತಾರೆ. ಮಳೆಗಾಲದಲ್ಲಿ ಕ್ಯಾಮೆರಾವನ್ನು ಚರ್ಮದ ಪೆಟ್ಟಿಗೆಯಲ್ಲಿ ಮುಚ್ಚಿಡಬೇಡಿ. ಗಾಳಿಯಾಡುವ ಬೀರುವಿನಲ್ಲಿ, ತಿದಿಯನ್ನು ಅರ್ಧ ಬಿಚ್ಚಿ, ಲೆನ್ಸನ್ನು ಬೇರೆ ತೆಗೆದು ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ.